ಎರಡು ಒಲಿ, ಎರಡು ಗಿಟಾರ್

ನಮ್ಮ ಮನಿ ನಡುವ ಗ್ವಾಡಿ ಕಟ್ಟಲಿಲ್ಲ ಅಂತ ಅಕ್ಕೋಳದ ಮಂದಿ ನಮ್ಮನ್ನ ಭಾಳ ಹೊಗಳತಿದ್ರು. "ಅಣ್ಣ ತಮ್ಮರ ಒಲಿ ಬ್ಯಾರೆ ಆದ್ರೂ ಮನಿ ಒಡದಿಲ್ಲ ನೋಡ್ರಿ, ದೊಡ್ಡ ಮನಸಿನವರು," ಅಂತಿದ್ರು. ದೊಡ್ಡ ಮನಸೂ ಇಲ್ಲ, ಎಂಥದೂ ಇಲ್ಲ. ಗ್ವಾಡಿ ಎಲ್ಲಿ ಬರಬೇಕು, ಎಷ್ಟು ಎತ್ತರ ಬರಬೇಕು, ಯಾವ ಗೌಂಡಿನ್ನ ಕರಿಬೇಕು ಅಂತ ಅಪ್ಪ ಮತ್ತ ಕಾಕಾ ಕುಂತು ಮಾತಾಡಬೇಕಿತ್ತು. ಅವರಿಬ್ಬರ ನಡುವ ಮಾತ ಬಂದ್ ಆಗಿತ್ತು. ಮಾತಿಲ್ಲದ ಗ್ವಾಡಿ ಹೆಂಗ ಏಳತೈತಿ ಹೇಳ್ರಿ? ಅದಕ್ಕ ತಂಬಾಕ ಕಟ್ಟೂ ಗೋಣಿತಟ್ಟು ಕೂಡಿಸಿ ಹೊಲದು, ಪಡಸಾಲಿ ನಡುವ ಒಂದು ಪರದೆ ಇಳಿಬಿಟ್ಟಿದ್ರು. ಆಚೆ ಕಾಕಾ, ಕಾಕು, ಅವರ ಮಗ ಭರತ. ಈಚೆ ಅಪ್ಪ, ಅವ್ವ, ನಾನು. ಗಾಳಿ ಬೀಸಿದ್ರ ಸಾಕು, ಆ ತಟ್ಟಿನ್ಯಾಗಿನ ತಂಬಾಕದ ಧೂಳ ಎದ್ದು ಎರಡೂ ಕಡೆ ಸೀನು ಸುರು ಆಗತಿದ್ದವು. ದಿನದಾಗ ಎರಡೂ ಸಂಸಾರ ಕೂಡಿ ಮಾಡತಿದ್ದ ಕೆಲಸ ಅದೊಂದ.

ಜಗಳ ಹುಟ್ಟಿದ್ದು ಟಿವಿ ಅಂಟೆನಾದಿಂದ. ಅಪ್ಪ ಹಂಚಿನ ಮ್ಯಾಲೆ ಏರಿ ಅದನ್ನ ಕೊಲ್ಲಾಪುರದ ಕಡೆ ತಿರುಗಿಸಿ ಬರಾಂವ. ಅಂವ ಇಳಿಯೂ ಪುರಸೊತ್ತಿಲ್ಲದ ಕಾಕಾ ಏರಿ ಬೆಳಗಾವಿ ಕಡೆ ತಿರುಗಸಾಂವ. ಒಂದಿನ ಇಬ್ಬರೂ ಒಮ್ಮೆಲೇ ಏರಿದ್ರು. ಹಂಚು ಒಡದವು. ಕೆಳಗ ಅವ್ವ ರೊಟ್ಟಿ ಬಡೀತಿದ್ಲು, ಕಾಕು ಪುಂಡಿಪಲ್ಯಾ ಕುದಸ್ತಿದ್ಲು, ಮ್ಯಾಲಿಂದ ನಾಕು ಕಾಲು ಒಲಿ ನೆತ್ತಿಮ್ಯಾಲ ಜೋತುಬಿದ್ದವು. ಅವು ಜೋತುಬಿದ್ದಲ್ಲೇ ಒಂದಕ್ಕೊಂದು ಒದ್ಯಾಕತ್ತಿದ್ದವು. ಅವತ್ತ ಸಂಜೀಗೆ ಎರಡು ಒಲಿ ಹೊತ್ತಿದವು. ಒಳಗ ಬ್ಯಾರೆ ಏನೇನು ಹಳೇ ಸಿಟ್ಟು ಇದ್ದವೋ, ದೊಡ್ಡವರಿಗೇ ಗೊತ್ತು. ನಂಗ ಗೊತ್ತಿರೂದು ಆ ನಾಕು ಕಾಲು ಅಷ್ಟ.

ಇವರಿಬ್ಬರ ನಡುವ ಸಿಕ್ಕಿದ್ದು ಆಯಿ. ಆಯಿ ಅಂದ್ರ ನಮ್ಮ ಅಜ್ಜಿ, ಅಪ್ಪ ಕಾಕಾನ ಹಡದಾಕಿ. ಇಬ್ಬರೂ ಹೆಗಲಿಗೆ ಹೆಗಲು ಹತ್ತಿ ಕಟ್ಟಿಮ್ಯಾಲ ಕುಂತಿದ್ರೂ ಅಕಿನ್ನ ಕರದ ಮಾತಾಡಾವರು.

"ಆಯಿ, ಅವಂಗ ಹೇಳು, ಎತ್ತಿನ ಕೊಳ್ಳಾಗಿನ ಹಗ್ಗ ಬಿಚ್ಚೇತಿ."

"ಆಯಿ, ಅವಂಗ ಹೇಳು, ನಂಗೂ ಕಣ್ಣ ಅದಾವು."

"ಇಬ್ಬರಿಗೂ ಕಿವಿ ನೆಟ್ಟಗ ಅದಾವು," ಅಂತಿದ್ಲು ಆಯಿ, "ನಡುವ ನನ್ನ ಬಾಯಿ ಯಾಕ ಸವಸ್ತೀರಿ? ಇರೂದ ಎರಡು ಹಲ್ಲು."

ಯಾವ ಮಗನ ಮನಸೂ ನೋಯಬಾರದು ಅಂತ ಆಯಿ ಮುಂಜಾನೆ ನಮ್ಮ ಒಲಿಯೊಳಗ ಉಣ್ಣಾಕಿ, ಸಂಜೀಮುಂದ ಅವರ ಒಲಿಯೊಳಗ. ನಮ್ಮದು ಜೈನರ ಮನಿ. ಹೊತ್ತು ಮುಳಗಿದ ಮ್ಯಾಲ ಒಂದು ಅಗಳೂ ಬಾಯಿಗೆ ಹಾಕೂಹಂಗಿಲ್ಲ. ಹಿಂಗಾಗಿ ನಮ್ಮ ಜಗಳಕ್ಕೂ ಸೂರ್ಯಾನ ಗಡುವು ಇತ್ತು, ಎಂಥಾ ಜೋರ ಬೈದಾಟ ನಡದಿರಲಿ, ಹೊತ್ತು ಇಳಿಯಾಕತ್ತಿತು ಅಂದ್ರ ಇಬ್ಬರೂ ಬಿಟ್ಟು ತಾಟಿನ ಮುಂದ ಓಡತಿದ್ರು. ಆಯಿ ಪರದೆ ಎತ್ತಿ ಆಚೆ ಹೋಗೂವಾಗ ತನ್ನ ಸಂಸಾರ ಎಲ್ಲಾ ಹೊತಗೊಂಡ ಹೋಗಾಕಿ. ಜಪಮಾಲಿ, ಕೂಡೂ ಕಟಗಿ ಮಣಿ, ಮತ್ತ ಟೇಪ್ ರೆಕಾರ್ಡರ್.

ಆ ಟೇಪಿನ್ಯಾಗ ಇದ್ದದ್ದು ಒಂದ ಕ್ಯಾಸೆಟ್, ಜೈನ ಮುನಿ ಮಹಾರಾಜರ ಪ್ರವಚನದ್ದು. ಅದನ್ನ ತುಂಬಿಕೊಟ್ಟಾಂವ ಭರತನ ಸೋದರಮಾವ. ಕೊಲ್ಲಾಪುರದಾಗ ಆರ್ಕೆಸ್ಟ್ರಾದಾಗ ಗಿಟಾರ್ ಬಾರಸಾಂವ. ಹೊಸಾ ಕ್ಯಾಸೆಟ್ ಯಾಕ ಹಾಳು ಅಂತ ತನ್ನ ಹಳೇದರ ಮ್ಯಾಲ ಪ್ರವಚನ ತುಂಬಿದ್ದ. ತುಂಬೂದನ್ನ ಸುರು ಮಾಡೂದು ತಡ ಮಾಡಿದ್ದ. ಅದಕ್ಕ ಮೊದಲಿಗೆ ಯಾವುದೋ ಪರದೇಶದವರ ಗಿಟಾರ್ ಬರತಿತ್ತು. ತಂತಿ ಚೀರಿ, ಅತ್ತು, ಮ್ಯಾಲೇರಿ, ಇನ್ನೇನು ಆಕಾಶ ಮುಟ್ಟತೈತಿ ಅನ್ನೂದರಾಗ ಕಟ್ ಅಂತ ನಿಂತು, "ಭವ್ಯಾತ್ಮರೇ, ಕ್ರೋಧವನ್ನು ಬಿಡಿ" ಅಂತ ಮಹಾರಾಜರ ದನಿ ಬರತಿತ್ತು. "ಆಯಿ, ಮುಂದ ಓಡಸ್ಲೇನು?" ಅಂತ ಕೇಳಿದ್ರ ಅಕಿ ಕೈ ಅಡ್ಡ ಹಿಡಿಯಾಕಿ. ಓಡಿಸಿದ್ರ ಮಹಾರಾಜರ ಮಾತು ಹರಿದು ಹೋಗತಾವ ಅಂತ ಅಕಿ ಅಂಜಿಕಿ. ಹಿಂಗಾಗಿ ಅಕಿ ದಿನಾ ಎರಡು ಹೊತ್ತು ಕೈ ಮುಗದು, ಕಣ್ಣು ಮುಚ್ಚಿ, ಆ ಗಿಟಾರಿನ ಚೀರಾಟ ಮುಗಿಯೂತನಕ ಭಕ್ತಿಯಿಂದ ಕಾಯಾಕಿ. ಅಂಥಾ ಶ್ರೋತೃ ಆ ಪರದೇಶದ ಪುಣ್ಯಾತ್ಮರಿಗೆ ಅವರ ಊರಾಗೂ ಸಿಕ್ಕಿರಲಿಕ್ಕಿಲ್ಲ.

ಒಂದ ಬ್ಯಾಸಗಿಯೊಳಗ ಆ ಸೋದರಮಾವ ಹೊಸಾ ಗಿಟಾರ್ ತಗೊಂಡು, ಹಳೇದನ್ನ ಭರತಗ ಕೊಟ್ಟ. ನಮ್ಮ ಮನಿ ಕಾಯದೆ ಏನಿತ್ತಂದ್ರ, ಆ ಒಲಿಗೆ ಬಂದದ್ದು ಈ ಒಲಿಗೂ ಬರಬೇಕು. ಅವರು ಕುಕ್ಕರ್ ತಂದ್ರ ನಾವೂ ಕುಕ್ಕರ್. ನಾವು ಮಿಕ್ಸರ್ ತಂದ್ರ ಅವರೂ ಮಿಕ್ಸರ್. ಪರದೆ ಆಚೆ ಟಿಂಗ್ ಅಂದದ್ದೇ ತಡ, ಅಪ್ಪ ತಾಟಿನ ಮುಂದ ಕುಂತಾಂವ ತಲಿ ಎತ್ತಿದ.

"ಏನದು?"

"ಗಿಟಾರ್ ಅಪ್ಪಾ," ಅಂದೆ ನಾ.

"ಎಷ್ಟು ತಂತಿದು?"

"ಆರು."

ಮರುದಿನ ಕೊಲ್ಲಾಪುರದ ಬಸ್ ಹತ್ತಿ ಹೋದಾಂವ ಸಂಜಿಮುಂದ ಬಗಲಾಗ ಒಂದು ಗಿಟಾರ್ ಹಿಡಕೊಂಡು ಬಂದ. ಮಾರಿ ಸಪ್ಪಗಿತ್ತು. "ಏಳು ತಂತಿದು ಕೇಳಿದ್ನಿ, ಇಲ್ಲಂದ್ರು," ಅಂದ.

"ಹುಡಿಗಿ ಇದನ್ನ ತಗೊಂಡು ಏನ ಮಾಡ್ತಾಳ್ರಿ?" ಅಂತ ಅವ್ವ ಹಣಿ ಹಣಿ ಬಡಕೊಂಡ್ಲು.

"ಆ ಹುಡುಗ ಏನ ಮಾಡ್ತಾನೋ ಅದನ್ನ ಮಾಡ್ತಾಳ."

ಹಿಂಗ ನಾನು ಗಿಟಾರಿನಾಕಿ ಆದೆ. ಕಲಸಾವರು ಯಾರು? ಭರತ ಸೂಟಿಯೊಳಗ ಮಾವನ ಕಡೆ ಕಲಿತು ಬರಾಂವ, ನಾನು ಪರದೆಗೆ ಕಿವಿ ಹಚ್ಚಿ ಅವನ ಕಡೆ ಕಲಿಯಾಕಿ. ತಂತಿ ಬಿಗಿ ಮಾಡೂದನ್ನ ಸುದ್ದಾ ಅವನ ಸಪ್ಪಳ ಕೇಳೇ ಕಲಿತೆ. ಮುಂದ ಅವನ ಮಾವ ಅವಂಗ ತಂತಿ ಕೆಳಗ ಅಂಟಸೂ ಸಣ್ಣ ಮೈಕಿನಂಥಾ ಒಂದು ಪಿಕಪ್ ಕೊಟ್ಟ. ಅದರ ವಾಯರನ್ನ ಹಳೇ ರೇಡಿಯೋಕ ಜೋಡಿಸಿದ್ರ ದನಿ ದೊಡ್ಡದಾಗಿ, ಹರಕ ಸ್ಪೀಕರಿನಿಂದ ಗರ್ರ್ ಅಂತ ಕ್ಯಾಸೆಟ್ಟಿನ್ಯಾಗಿನಂಗ ಬರತಿತ್ತು. ಅಪ್ಪ ಕೊಲ್ಲಾಪುರದಿಂದ ಅಂಥಾದ ಒಂದು ಪಿಕಪ್ ತಂದು, ನಮ್ಮ ಚೊಲೋ ರೇಡಿಯೋನೂ ನನ್ನ ಮುಂದ ಇಟ್ಟ. ಆ ಮನಿ ರೇಡಿಯೋ ಹಾಳಾಗೂದಿದ್ರ ನಮ್ಮದೂ ಹಾಳಾಗಬೇಕು ಅನ್ನೂ ಛಲ.

ಕಲಿಬೇಕಾದದ್ದು ಒಂದ, ಆಯಿ ಕ್ಯಾಸೆಟ್ಟಿಂದು. ಮುಂಜಾನೆ ಟೇಪ್ ನಮ್ಮ ಕಡೆ ಇದ್ದಾಗ ನಾ ಕೇಳಿ ಬಾರಸಾಕಿ, ಸಂಜೀಗೆ ಆಚೆ ಹೋದಾಗ ಭರತ. ಮನ್ಯಾಗ ನಮ್ಮಿಬ್ಬರಿಗೂ ಮಾತ ಬಂದ್. ಆದ್ರ ನಿಪ್ಪಾಣಿ ಕಾಲೇಜಿಗೆ ಹೋಗೂ ಬಸ್ಸಿನ್ಯಾಗ ಯಾರ ಕಾಯದೆನೂ ನಡೀತಿರಲಿಲ್ಲ. ನಾ ಪಿಯುಸಿ ಎರಡನೇ ವರ್ಷ, ಅಂವ ಮೊದಲನೇದು. ಬಸ್ಸಿನ್ಯಾಗ ಕುಂತ ಕೂಡಲೇ ಜಗಳ.

"ಅಕ್ಕಾ, ನೀ ತಪ್ಪ ಬಾರಸ್ತಿ ಬೇ. ಅದು ಇನ್ನೂ ಮ್ಯಾಲಿಂದ ಸುರು ಆಗತೈತಿ."

"ನಿನ್ನ ಕಿವಿಯೊಳಗ ತಂಬಾಕ ಹೊಕ್ಕೇತಿ. ನಾ ದಿನಾ ಮುಂಜಾನೆ ಕೇಳ್ತೀನಿ."

"ನಾ ದಿನಾ ಸಂಜೀಗೆ ಕೇಳ್ತೀನಿ!"

ಅಪ್ಪ ಕಾಕಾನ ಮಕ್ಕಳು ಅನ್ನೂದಕ್ಕ ಬ್ಯಾರೆ ಸಾಕ್ಷಿ ಬೇಕಿರಲಿಲ್ಲ. ಇಬ್ಬರೂ ವಾರಗಟ್ಟಲೆ ಮಾರಿ ಊದಿಸಿಕೊಂಡ ಕುಂತ್ವಿ.

ಜಗಳ ಬಿಡಿಸಿದ್ದು ಒಂದು ಚತುರ್ದಶಿ. ಅವತ್ತ ಆಯಿದು ಉಪವಾಸ. ಯಾವ ಒಲಿಯೊಳಗೂ ಉಣ್ಣೂದಿಲ್ಲ, ಅಂದಮ್ಯಾಲ ಯಾವ ಕಡೆ ಕೂಡೂದು? ಅಕಿ ಪಡಸಾಲಿ ನಟ್ಟನಡುವ, ಪರದೆ ಬುಡಕ್ಕ ಮಣಿ ಹಾಕ್ಕೊಂಡು ಟೇಪ್ ಹಚ್ಚಿದ್ಲು. ಕ್ಯಾಸೆಟ್ ಸುರು ಆಗತಿದ್ದಂಗ ನಾ ಈಚೆಯಿಂದ ನಂದು ಬಾರಿಸಿದೆ, ಅಂವ ಆಚೆಯಿಂದ ಅವಂದು ಬಾರಿಸಿದ. ಒಬ್ಬರನ್ನೊಬ್ಬರು ಸೋಲಸಬೇಕು ಅಂತ ಹಟಕ್ಕ ಬಿದ್ದು ಬಾರಿಸಿದ್ವಿ. ಬಾರಸತಾ ಬಾರಸತಾ ನಾ ಕ್ಯಾಸೆಟ್ಟಿನ ಕಡೆ ಕಿವಿ ಕೊಟ್ಟೆ. ಕ್ಯಾಸೆಟ್ಟಿನ್ಯಾಗ ನಂದೂ ಇತ್ತು, ಅವಂದೂ ಇತ್ತು. ಅಲ್ಲಿ ಬಾರಸಾವರು ಇಬ್ಬರು! ಒಂದ ಹಾಡು, ಒಂದ ನಡಿಗಿ, ಆದ್ರ ಒಬ್ಬಾಂವ 'ಸಾ' ಹಿಡದ್ರ ಇನ್ನೊಬ್ಬಾಂವ 'ಗಾ' ಹಿಡೀತಾನ, ಇವ 'ರೇ'ಕ್ಕ ಹೋದ್ರ ಅವ 'ಮಾ'ಕ್ಕ. ಒಂದ ಪಾವಟಿಗಿ ಮ್ಯಾಲ ಇಬ್ಬರು ಹಿಂದ ಮುಂದ ಹತ್ತಿದಂಗ. ನಾ ಕೆಳಗಿನವನ್ನ ಹಿಡದಿದ್ದೆ, ಭರತ ಮ್ಯಾಲಿನವನ್ನ.  ನಂಗ ಅಳು ಬಂತು, ಯಾಕಂತ ಈಗಲೂ ಹೇಳಾಕ ಬರೂದಿಲ್ಲ. ಆಚೆಯಿಂದ "ಅಕ್ಕಾ!" ಅಂತ ಅಂವ ಒದರಿದ. ಮನ್ಯಾಗ ಮಾತ ಬಂದ್ ಅನ್ನೂದನ್ನ ಮರತ ಬಿಟ್ಟಿದ್ದ. "ಶ್ಶ್," ಅಂದ್ಲು ಆಯಿ, "ಮಹಾರಾಜರು ಬರೂ ಹೊತ್ತಾತು."

ಅವತ್ತಿನಿಂದ ದಿನಾ ಸಂಜಿ ಊಟ ಆದಮ್ಯಾಲ ನಮ್ಮದು ಕೂಡಿ ಬಾರಸೂದು, ನಡುವ ಪರದೆ. ಸಸಾರ ಅಲ್ಲ ಅದು. ಎರಡರ ನಡುವಿನ ಅಂತರ ಎಲ್ಲಾ ಕಡೆ ಒಂದ ಇರೂದಿಲ್ಲ, ಗಿಟಾರಿನ ಕೊಳ್ಳಿನ ಮ್ಯಾಲಿನ ಪಟ್ಟಿ ಎಣಿಸಿದ್ರ ಒಂದ ಕಡೆ ಮೂರು, ಒಂದ ಕಡೆ ನಾಕು. ಲೆಕ್ಕ ಹಾಕಿ ಒಂದ ಸಮ ಇಟ್ರ ಹುಳಿ ಮಜ್ಜಿಗಿ ಕುಡದಂಗ ಆಗತೈತಿ. ತಂತಿ ಎಳದು ಸುರ ಏರಸೂದು ಬಂತಂದ್ರ ಇಬ್ಬರೂ ಒಂದ ಉಸುರಿಗೆ ಮುಟ್ಟಬೇಕು. ಮಾರಿ ಕಾಣೂದಿಲ್ಲ, ಕಾಲಿಲೆ ನೆಲ ಬಡದು ಗುರುತು ಕೊಡತಿದ್ವಿ. ಹೊಸಾ ತಂಬಾಕ ಬಂದ ದಿನ ಇಬ್ಬರಿಗೂ ಕೂಡಿ ಸೀನು ಬಂದು, ಅದೂ ತಾಳಕ್ಕ ಬರೊಬ್ಬರಿ ಬಿದ್ದದ್ದೂ ಐತಿ.

ನಮಗ ಸ್ವರ್ಗ, ಮನಿ ಮಂದಿಗೆ ನರಕ. ಹುಟ್ಟಿದಾಗಿಂದ ಭಜನಿ ಕೇಳಿದ ಕಿವಿ ಅವು. ಹತ್ತು ಮಂದಿ ಕುಂತ್ರೂ ಹತ್ತೂ ಮಂದಿ ಒಂದ ಸುರ ಹಿಡೀಬೇಕು, ಅದ ಸಂಗೀತ. ಇಲ್ಲಿ ಇಬ್ಬರು, ಎರಡು ಸುರ. ಅಂದ್ರ ಒಬ್ಬರು ತಪ್ಪಿರಲೇಬೇಕಲ್ಲ! ಅಪ್ಪಗ ಖಾತ್ರಿ ಇತ್ತು, ತಪ್ಪಿದಾಂವ ಭರತ. ಕಾಕಾಗ ಖಾತ್ರಿ ಇತ್ತು, ತಪ್ಪಿದಾಕಿ ನಾನು.

"ಆಯಿ, ಅವಂಗ ಹೇಳು, ಮಗಂಗ ಸುರ ಕಲಸು ಅಂತ."

"ಆಯಿ, ಅವಂಗ ಹೇಳು, ಮಗಳಿಗೆ ಮೊದಲ ಕಲಸು ಅಂತ."

ಆಯಿಗೆ ತಲಿ ಚಿಟ್ಟ ಹಿಡದು ಹೋತು. ಮಕ್ಕಳಿಗೆ ಏನು ಮಾಡತಿದ್ಲೋ ಮೊಮ್ಮಕ್ಕಳಿಗೂ ಅದನ್ನ ಮಾಡಿದ್ಲು, ಗುಟ್ಟಿನ್ಯಾಗ ಒಬ್ಬೊಬ್ಬರನ್ನ ಕರದು ಸೋಲಸೂದು. ಮುಂಜಾನೆ ನನ್ನ ತಲಿ ಸವರಿ, "ಪದ್ದಿ, ನಿನಗ ಸಣ್ಣಾಂವಲ್ಲ ಬೇ ಅಂವ. ನೀನರ ಸೋತು ಅವನಂಗ ಬಾರಸು ನನ್ನವ್ವಾ," ಅಂದ್ಲು. ಸಂಜೀಗೆ ಆಚೆ ಹೋಗಿ, "ನಿನಗ ಹಿರ್ಯಾಕಿ ಅಲ್ಲೇನೋ ಅಕಿ? ನೀನರ ಸೋತು ಅಕ್ಕನಂಗ ಬಾರಸೋ ನನ್ನಪ್ಪಾ," ಅಂದ್ಲು. ನಾವಿಬ್ಬರೂ ಆಯಿ ಮಾತು ಮೀರದ ಮಕ್ಕಳು. ನಾ ಸೋತು ಮ್ಯಾಲಿಂದು ಹಿಡದೆ. ಅಂವ ಸೋತು ಕೆಳಗಿಂದು ಹಿಡದ. ಆಯಿ ಕೈ ಮುಗದು ಕುಂತು ಕೇಳಿದ್ಲು. ಒಂದು ಎಳಿಯಷ್ಟೂ ಫರಕ್ ಆಗಿರಲಿಲ್ಲ.

"ನಿಮ್ಮಪ್ಪಗೋಳಕಿಂತ ಹಟಮಾರಿಗೋಳು ನೀವು," ಅಂತ ಎದ್ದು ಬಿಟ್ಲು.

ಕಡೀಕ ಊರಿನ ಭಜನಿ ಮಾಸ್ತರನ್ನ ಕರಿಸಿದ್ಲು. ಅವರು ಹಾರ್ಮೋನಿಯಂ ಬಾರಸಾವರು, ಸುರದ ಸಂಗತಿಯೊಳಗ ಅವರು ಹೇಳಿದ್ದ ಕಡೀ ಮಾತು. ಅವರು ನಮ್ಮ ಕಡೆ ಅವಲಕ್ಕಿ ತಿಂದ್ರು, ಆಚೆ ಹೋಗಿ ಉಪ್ಪಿಟ್ಟು ತಿಂದ್ರು, ಪರದೆ ನಡುವ ನಿಂತು ಕೇಳಿದ್ರು. "ಇಬ್ಬರೊಳಗ ಒಬ್ಬರು ದಾರಿ ತಪ್ಪ್ಯಾರ," ಅಂದ್ರು. "ಯಾರ್ರಿ?" ಅಂತ ಎರಡೂ ಕಡೆಯಿಂದ ಒಮ್ಮೆಲೇ ಕೇಳಿದ್ರು. ಮಾಸ್ತರ ಹೊಟ್ಟಿ ಸವರಿಕೊಂಡು, "ಅದನ್ನ ಹೇಳೂದು ಕಠಿಣ ಐತ್ರಿ," ಅಂತ ಚಪ್ಪಲ್ ಹುಡಕಾಕ ಹತ್ತಿದ್ರು.

ಆ ವರ್ಷ ಮುಗಿದ ಕೂಡಲೇ ಭರತನ್ನ ಡಿಪ್ಲೊಮಾಕ್ಕ ಸಾಂಗ್ಲಿ ಹಾಸ್ಟೆಲಿಗೆ ಕಳಸೂದು ಅಂತ ಕಾಕಾ ನಿಕ್ಕಿ ಮಾಡಿದ. ಸುದ್ದಿ ಕೇಳಿದ ದಿನ ನಾ ಬಸ್ಸಿನ್ಯಾಗ ಬಿಕ್ಕಿ ಬಿಕ್ಕಿ ಅತ್ತೆ. ಅವನಿಲ್ಲದ ನನ್ನ ಗಿಟಾರಿನ್ಯಾಗ ಅರ್ಧಾ ಹಾಡು ಉಳೀತಿತ್ತು, ಅರ್ಧಾ ಹಾಡು ತಗೊಂಡು ಯಾರು ಏನ ಮಾಡೂದು? ಒಂದ ಆಸೆ ಇತ್ತು. ಅಂವ ಹೋಗೂದರಾಗ ಒಮ್ಮೆರ, ನಡುವ ಗೋಣಿತಟ್ಟು ಇಲ್ಲದ, ಒಬ್ಬರ ಮಾರಿ ಒಬ್ಬರು ನೋಡಿ, ನಾಕು ಮಂದಿ ಮುಂದ ಕ್ಯಾಸೆಟ್ಟಿನ್ಯಾಗ ಇದ್ದಷ್ಟು ಹಾಡನ್ನ ಪೂರ್ತಿ ಬಾರಸಬೇಕು. ಉಳದದ್ದು ಕಾಲೇಜಿನ ಗ್ಯಾದರಿಂಗ್, ಅಂದ್ರ ವರ್ಷಕ್ಕೊಮ್ಮೆ ನಡಿಯೂ ಸಮಾರಂಭ, ಅದೊಂದ. ಇಬ್ಬರೂ ಬ್ಯಾರೆ ಬ್ಯಾರೆ ಹೆಸರು ಕೊಟ್ವಿ, ಬ್ಯಾರೆ ಬ್ಯಾರೆ ಅಪ್ಪಣಿ ಬೇಡಿದ್ವಿ. ಆ ಹುಡುಗ ಬಾರಸ್ತಾನ ಅಂತ ತಿಳದು ಅಪ್ಪ ನಂಗ ಹೂಂ ಅಂದ. ಈ ಹುಡಿಗಿ ಬಾರಸ್ತಾಳ ಅಂತ ತಿಳದು ಕಾಕಾ ಅವಂಗ ಹೂಂ ಅಂದ. ಇಬ್ಬರನ್ನೂ ಕೂಡೇ ಹತ್ತಿಸಿ ಬಿಡ್ರಿ ಸರ್, ಟೈಮ್ ಉಳೀತೈತಿ ಅಂತ ನಾವ ಹೋಗಿ ಗ್ಯಾದರಿಂಗ್ ನೋಡಿಕೊಳ್ಳೂ ಸರ್‌ಗೆ ಹೇಳಿದ್ವಿ. ಅವರು ಖುಷಿಯಿಂದ ಒಪ್ಪಿದ್ರು. ಮನ್ಯಾಗ ಇದನ್ನ ಯಾರಿಗೂ ಹೇಳಲಿಲ್ಲ. ಗೊತ್ತಾದ್ರ ಅಪ್ಪ ಸ್ಟೇಜಿನಿಂದ ನನ್ನ ಇಳಿಸಿಕೊಂಡು ಹೋಗಾಂವ ಅಂತ ಜೀವ ಪುಕುಪುಕು ಅಂತಿತ್ತು.

ಗ್ಯಾದರಿಂಗ್ ದಿನ ಅಪ್ಪ ಕಾಕಾ ಇಬ್ಬರೂ ಬೆಳಕಿರೂವಾಗ ಉಂಡು, ಇಸ್ತ್ರಿ ಮಾಡಿದ ಟೋಪಗಿ ಇಟಗೊಂಡು ಬಂದಿದ್ರು. ಅಪ್ಪ ಕಾಲೇಜ್ ಹಾಲಿನ ಬಲಗಡೆ ತುದಿಗೆ, ಕಾಕಾ ಎಡಗಡೆ ತುದಿಗೆ. ಆಯಿ, ಅವ್ವ, ಕಾಕು ಹಿಂದ ಹೆಣ್ಣಮಕ್ಕಳ ಕಡೆ. ಭಜನಿ ಮಾಸ್ತರು ಮುಂದಿನ ಸಾಲಿನ್ಯಾಗ, ಅವತ್ತ ಅವರದೂ ಹಾರ್ಮೋನಿಯಂ ಇತ್ತು. "ಈಗ ಅಕ್ಕ ತಮ್ಮ ಇಬ್ಬರೂ ಕೂಡಿ ಗಿಟಾರ್ ಬಾರಸ್ತಾರ," ಅಂತ ಸರ್ ಮೈಕಿನ್ಯಾಗ ಅಂದ್ರು. ಅಪ್ಪ ಅರ್ಧಾ ಎದ್ದಾಂವ, ಕಾಕಾನೂ ಅರ್ಧಾ ಎದ್ದದ್ದು ಕಂಡು ಹಂಗ ಕುಂತಬಿಟ್ಟ. ಕಾಕಾನೂ ಕುಂತ. ಮೊದಲ ಎದ್ದಾಂವ ಸೋತಂಗ ಅಂತ ಇಬ್ಬರಿಗೂ ಅನಿಸಿರಬೇಕು.

ಸುರು ಮಾಡಿದ್ವಿ. ಮೈಕ್‌ಸೆಟ್ಟಿನ ದೊಡ್ಡ ಪೆಟ್ಟಿಗಿಯಿಂದ ದನಿ ಬಂದದ್ದೇ ತಡ, ಹಿಂದಿನ ಸಾಲಿನ್ಯಾಗ ಮಲಗಿದ ಕೂಸುಗೋಳು ಎದ್ದವು. ನಾ ಭರತನ್ನ ನೋಡಾಕತ್ತಿದ್ದೆ. ತಂತಿ ಎಳಿಯೂವಾಗ ಅಂವ ನಾಲಗಿ ಹೊರಗ ಚಾಚತಾನ ಅಂತ ನಂಗ ಅವತ್ತ ಗೊತ್ತಾದದ್ದು. ಅಂವ ನನ್ನ ನೋಡಿ ಕಣ್ಣಿಲೆ ನಗತಿದ್ದ, ನಾ ಏನು ಮಾರಿ ಮಾಡಿದ್ನೋ ಏನೋ. ಎರಡು ಗಿಟಾರ್ ಒಂದರ ಬೆನ್ನಿಗೊಂದು ಏರಾಕತ್ತಿದ್ದವು. ಅಷ್ಟು ಸುಖ ನಾ ಅಲ್ಲೀತನಕ ಪಟ್ಟಿರಲಿಲ್ಲ.

ಭಜನಿ ಮಾಸ್ತರಿಗೆ ತಡಕೊಳ್ಳಾಕ ಆಗಲಿಲ್ಲ. ಅವಲಕ್ಕಿ ಉಪ್ಪಿಟ್ಟು ಎಲ್ಲಾ ಮರತು, ಎದ್ದು ಎರಡೂ ಕೈ ಎತ್ತಿದ್ರು.

"ತಡೀರಿ, ತಡೀರಿ! ಸುರ ಕೂಡವಲ್ಲದು! ಆ ಹುಡುಗ ಪೂರಾ ತಪ್ಪ್ಯಾನ!"

ಜನ ಹೋ ಅಂತ ನಕ್ಕರು. ನಮ್ಮ ಕಡೆ ಒಂದು ರೀತಿ ಐತಿ. ಮನಿಯೊಳಗ ಅಣ್ಣ ತಮ್ಮರ ಮಕ್ಕಳನ್ನ ಎಷ್ಟರ ಬೈರಿ, ನಾಕು ಮಂದಿಯೊಳಗ ಬೈಯೂಹಂಗಿಲ್ಲ. ಅಲ್ಲಿ ತಪ್ಪು ಹೊರಿಸೂದಿದ್ರ ನಿಮ್ಮ ಸ್ವಂತ ಮಕ್ಕಳ ಮ್ಯಾಲ ಹೊರಸ್ರಿ. ಬಲಗಡೆ ತುದಿಯಿಂದ ಅಪ್ಪ ಎದ್ದ.

"ಮಾಸ್ತರ, ಕುಂಡ್ರಿ! ನಮ್ಮ ಭರತ ಬರೊಬ್ಬರಿ ಅದಾನ. ತಪ್ಪಿದ್ರ ನನ್ನ ಮಗಳು ತಪ್ಪಿರಬೇಕು!"

ಎಡಗಡೆ ತುದಿಯಿಂದ ಕಾಕಾ ಎದ್ದ.

"ಯಾರಂದ್ರು ಪದ್ದಿ ತಪ್ಪ್ಯಾಳಂತ?"

"ನಾ ಅಂದೆ!"

"ಏನ ತಿಳದ ಅಂದಿ ಅಣ್ಣಾ? ಆ ಹುಡಿಗಿ ಹುಟ್ಟಾ ಸುರದಾಗ ಅದಾಳ. ನನ್ನ ಮಗಂದ ಕಿವಿ ಮಂದ!"

"ಏ, ಅವನ ಕಿವಿಗೆ ಹೆಸರು ಇಡಬ್ಯಾಡ! ಆ ಹುಡುಗನ ಕಿವಿ ನಮ್ಮ ಅಜ್ಜನ ಕಿವಿ ಅದಾವು!"

"ನಿಂಗೇನ ಗೊತ್ತು? ದಿನಾ ಕೇಳಾಂವ ನಾನು!"

"ನಾ ಏನ ಕಿವುಡ ಅದೀನೇನು? ಪರದೆ ಈಚೆ ನಾನೂ ದಿನಾ ಕೇಳ್ತೀನಿ!"

ಅಣ್ಣಾ ಅಂದಿದ್ದ ಕಾಕಾ. ಆ ನಾಕು ಕಾಲು ಜೋತುಬಿದ್ದ ದಿನದಿಂದ ಆ ಮಾತು ನಮ್ಮ ಮನ್ಯಾಗ ಯಾರೂ ಕೇಳಿರಲಿಲ್ಲ. ಅದು ಕಿವಿಗೆ ಬಿದ್ದಿದ್ದೇ ನನ್ನ ಬೊಟ್ಟು ಜಾರಿದವು. ಭರತನವೂ ಜಾರಿದವು. ನಾ ಮ್ಯಾಲೆ ಹೋದೆ, ಅಂವ ಕೆಳಗ ಬಂದ, ಇಬ್ಬರೂ ಹೋಗಿ ಒಂದ ಸುರದ ಮ್ಯಾಲ ದಬ್ಬಂತ ಬಿದ್ವಿ. ಅವತ್ತ ನಾವು ಖರೇವಂದ್ರ ತಪ್ಪಿದ್ದು ಅದೊಂದ ಕಡೆ. ಮಾಸ್ತರು "ಹಾಂ, ಈಗ ಕೂಡ್ತು ನೋಡ್ರಿ!" ಅಂತ ಕುಂತಬಿಟ್ರು. ಇಡೀ ಹಾಲ್ ಚಪ್ಪಾಳಿ ಹೊಡೀತು.

ನಾವು ಸಾವರಿಸಿಕೊಂಡು ಮತ್ತ ನಮ್ಮ ನಮ್ಮ ಸುರ ಹಿಡದು ಕಡೀತನಕ ಹೋದ್ವಿ. ಕೆಳಗ ಅಪ್ಪ ಕಾಕಾ ಇಬ್ಬರೂ ಕುರ್ಚಿ ಸರಿಸಿಕೋತ, ಮಂದಿ ಕಾಲು ತುಳಕೋತ, ಬಲಗಡೆಯಿಂದ ಒಬ್ಬ ಎಡಗಡೆಯಿಂದ ಒಬ್ಬ ಹಾಲಿನ ನಡುವಿನ ದಾರಿಗೆ ಬಂದು ನಿಂತಿದ್ರು. ಮೂಗಿಗೆ ಮೂಗು ಹತ್ತೂಹಂಗ. ಅಪ್ಪ ಬೊಟ್ಟು ಮಡಚಿ ಮಡಚಿ ಭರತನ ಗುಣ ಎಣಸಾಕತ್ತಿದ್ದ. ಕಾಕಾ ಅಪ್ಪನ ತೋಳು ಹಿಡದು ಅಲುಗ್ಯಾಡಿಸಿ ನನ್ನ ಗುಣ ಹೇಳಾಕತ್ತಿದ್ದ. ನಾವು ಏನು ಬಾರಿಸಿದ್ವಿ ಅನ್ನೂದನ್ನ ಇಬ್ಬರೂ ಕೇಳಿರಲಿಲ್ಲ. ಹಿಂದ ಆಯಿ ಸೆರಗು ಬಾಯಿಗೆ ಹಚಗೊಂಡು ಅಳಾಕತ್ತಿದ್ಲು. ಬಾಜೂಕ ಸರ್ ನಿಂತು, ಸಾಕು ಮುಗಸ್ರಿ ಅಂತ ಕೈ ಮಾಡಾಕತ್ತಿದ್ರು. ನಾ ಕಡೀ ಸುರದ ಮ್ಯಾಲಿಂದ ಕೈ ತಗಿಯಾಕ ಹೋದೆ. ಭರತ ನನ್ನ ಕಡೆ ಬಗ್ಗಿದ.

"ಅಕ್ಕಾ, ನಿಲ್ಲಸಬ್ಯಾಡ. ನಾವು ನಿಲ್ಲಿಸಿದ್ರ ಅವರು ಮಾತ ನಿಲ್ಲಸ್ತಾರ."

ನಾವು ಮತ್ತ ಮೊದಲಿಂದ ಹಿಡದ್ವಿ.